ಫಾರಂ, ಗಿರಿರಾಜ, ಜವಾರಿ: ಬಿಸಿಲ ಸೀಮೆಯ ಸಣ್ಣ ಹೊಲಕ್ಕೆ ಯಾವ ಕೋಳಿ?

ಎರಡು-ಮೂರು ಎಕರೆ ಹೊಲ ಇದೆ. ಒಂದು ಬೋರ್ ಇದೆ. ಮಾಂಸಕ್ಕೆ ಕೋಳಿ ಸಾಕಿ ಮನೆ ಖರ್ಚಿಗೆ ಒಂದು ದಾರಿ ಮಾಡಿಕೊಳ್ಳಬೇಕು ಅನ್ನೋ ಆಸೆಯೂ ಇದೆ. ಆದರೆ ಒಬ್ಬರು ಬ್ರಾಯ್ಲರ್ ಹಾಕಿ ಅಂತಾರೆ, ಇನ್ನೊಬ್ಬರು ಗಿರಿರಾಜ ಅನ್ನೋ ಸುಧಾರಿತ ತಳಿಯೇ ಸರಿ ಅಂತಾರೆ. ಮೊಬೈಲ್ ತೆಗೆದರೆ ಕಡಕ್‌ನಾಥ್ ಸಾಕಿ ಲಕ್ಷ ಎಣಿಸಿ ಅನ್ನೋ ವಿಡಿಯೋ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಓದುಗರು ಹೆಚ್ಚಾಗಿ ಸಿಕ್ಕಿಕೊಳ್ಳೋದು ಇಲ್ಲೇ. ಅವರಿಗಾಗಿ ಈ ಬರಹ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ತಳಿ ಅನ್ನೋದು ಕೊನೆಯ ಪ್ರಶ್ನೆ. ಅದಕ್ಕೂ ಮುಂಚೆ ಮೂರು ಪ್ರಶ್ನೆ ಇವೆ. ಕೋಳಿ ತಿನ್ನೋ ಕಾಳು ಎಲ್ಲಿಂದ ಬರುತ್ತೆ? ಬೆಳೆದ ಕೋಳಿಯನ್ನು ಯಾರು ಕೊಳ್ಳುತ್ತಾರೆ? ಏಪ್ರಿಲ್-ಮೇನಲ್ಲಿ ನಿಮ್ಮ ಶೆಡ್ಡಿನೊಳಗೆ ಎಷ್ಟು ತೂಕದ ಕೋಳಿ ಇರುತ್ತೆ? ಇವಕ್ಕೆ ಉತ್ತರ ಸಿಕ್ಕರೆ ತಳಿ ತಾನಾಗಿ ಗೊತ್ತಾಗುತ್ತೆ.

ಮೊದಲು ಬಿಸಿಲು

ಬೇರೆ ಕಡೆಯವರು ಬರೆದ ಕೋಳಿ ಸಾಕಣೆಯ ಪುಸ್ತಕ ನಮಗೆ ಪೂರ್ತಿ ಹೊಂದದಿರೋದು ಬಿಸಿಲಿನ ಕಾರಣಕ್ಕೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟೋದು ಮಾಮೂಲು. ಕೋಳಿಗೆ ಬೆವರು ಗ್ರಂಥಿಗಳೇ ಇಲ್ಲ. ಬಾಯಿ ತೆರೆದು ತೇಕುತ್ತಾ ಮೈಯ ಕಾವು ಹೊರಹಾಕಬೇಕು. ಮರಿಗಳು ಸೆಕೆಯನ್ನು ತಡೆಯುತ್ತವೆ. ದೊಡ್ಡ ಕೋಳಿ ತಡೆಯೋದಿಲ್ಲ. ಅದರಲ್ಲೂ ಎರಡು ಕೆಜಿ ತೂಗೋ ಬ್ರಾಯ್ಲರ್ ನಾಳೆ ಮಾರಬೇಕು ಅನ್ನುವಾಗ ಇವತ್ತು ಮಧ್ಯಾಹ್ನ ಸಾಯುತ್ತೆ. ಅಷ್ಟೊತ್ತಿಗೆ ಅದಕ್ಕೆ ಹಾಕಬೇಕಾದ ಕಾಳೆಲ್ಲ ಹಾಕಿ ಆಗಿರುತ್ತೆ. ನಷ್ಟ ಮರಿಯದಲ್ಲ, ಇಡೀ ಖರ್ಚಿನದು.

ಬೇಸಿಗೆಯ ಮಧ್ಯಾಹ್ನ ಎರಡರ ಹೊತ್ತಿಗೆ ಒಂದು ಶೆಡ್ಡಿನೊಳಗೆ ಹೋಗಿ ನಿಂತು ನೋಡಿ. ಕೋಳಿಗಳು ರೆಕ್ಕೆಯನ್ನು ಮೈಯಿಂದ ದೂರ ಹಿಡಿದು, ಕತ್ತು ಚಾಚಿ, ಬಾಯಿ ತೆರೆದಿರುತ್ತವೆ. ನೆಲಕ್ಕೆ ಹಾಸಿದ ಹೊಟ್ಟನ್ನು ಕೆದರಿ ಅಡಿಯ ತಂಪು ನೆಲಕ್ಕೆ ಎದೆ ಒತ್ತಿ ಕೂತಿರುತ್ತವೆ. ನೀರಿನ ಡ್ರಿಂಕರ್ ಸುತ್ತ ಗುಂಪು ಇರುತ್ತೆ, ಫೀಡರ್ ಹತ್ತಿರ ಯಾರೂ ಇರೋದಿಲ್ಲ. ಆ ಹೊತ್ತಿಗೆ ನೀರನ್ನು ಕೈಯಲ್ಲಿ ಮುಟ್ಟಿ ನೋಡಿ. ಮೇಲೆ ಬಿಸಿಲಿಗೆ ಇಟ್ಟ ಕಪ್ಪು ಟ್ಯಾಂಕಿನಿಂದ ಬರೋ ನೀರು ಸ್ನಾನಕ್ಕಾಗುವಷ್ಟು ಬಿಸಿ ಇರುತ್ತೆ. ಕೋಳಿ ಅದನ್ನು ಕುಡಿಯೋದಿಲ್ಲ. ಟ್ಯಾಂಕಿಗೆ ನೆರಳು ಮಾಡಿ, ತಟ್ಟು ಸುತ್ತಿ ಒದ್ದೆ ಮಾಡೋದು ಫ್ಯಾನ್ ಹಾಕೋದಕ್ಕಿಂತ ಅಗ್ಗದ ಕೆಲಸ. ಅದನ್ನೇ ಮೊದಲು ಮಾಡಿ.

ಶೆಡ್ಡಿನ ಉದ್ದ ಪೂರ್ವ-ಪಶ್ಚಿಮ ಇರಲಿ. ಹಾಗಿದ್ದರೆ ಬೆಳಗಿನ, ಸಂಜೆಯ ಓರೆ ಬಿಸಿಲು ಒಳಗೆ ಬರೋದು ಕಡಿಮೆ. ಪಕ್ಕದ ಗೋಡೆ ಒಂದಡಿ ಸಾಕು, ಮೇಲೆಲ್ಲ ಜಾಳಿಗೆ. ತಗಡಿನ ಚಾವಣಿ ಆದರೆ ಮೇಲೆ ಸುಣ್ಣ ಬಳಿಯಿರಿ, ಅಥವಾ ತೆಂಗಿನ ಗರಿ, ಜೋಳದ ಸೊಪ್ಪೆ ಹೊದಿಸಿ. ಸೊಪ್ಪೆ ಹೊದಿಸಿದವರು ಕರೆಂಟ್ ವೈರ್ ಅದಕ್ಕೆ ತಾಗದ ಹಾಗೆ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಉಳಿಸಿಕೊಳ್ಳೋಕೆ ಆಗೋದಿಲ್ಲ. ಹತ್ತಿರದಲ್ಲಿ ಬೇವಿನ ಗಿಡ ಇದ್ದರೆ ಅದರ ನೆರಳಿನಲ್ಲೇ ಶೆಡ್ಡು ಹಾಕೋದು ಒಳ್ಳೆಯದು.

ಜವಾರಿ ಕೋಳಿ ಈ ಬಿಸಿಲಿಗೆ ಹುಟ್ಟಿದ್ದು. ಮೈ ಹಗುರ, ಓಡಾಟ ಜಾಸ್ತಿ, ಹೊತ್ತೇರಿದರೆ ತಾನೇ ಗಿಡದ ಬುಡಕ್ಕೆ ಹೋಗುತ್ತೆ. ಗಿರಿರಾಜ, ವನರಾಜದಂಥವು ನಡುವೆ ಬರುತ್ತವೆ. ಬ್ರಾಯ್ಲರ್ ಎಲ್ಲಕ್ಕಿಂತ ಸೂಕ್ಷ್ಮ.

ಕಾಳಿನ ಲೆಕ್ಕ

ಮಾಂಸದ ಕೋಳಿಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗೋದು ಆಹಾರಕ್ಕೆ. ಹಾಗಾಗಿ ಒಂದು ಕೆಜಿ ಮೈ ಬೆಳೆಯೋಕೆ ಕೋಳಿ ಎಷ್ಟು ಕೆಜಿ ತಿನ್ನುತ್ತೆ ಅನ್ನೋದನ್ನು ಬಾಯಿಪಾಠ ಮಾಡಿಕೊಳ್ಳಿ.

ಬ್ರಾಯ್ಲರ್ ಸುಮಾರು 40 ದಿನಕ್ಕೆ ಎರಡು ಕೆಜಿ ಆಗುತ್ತೆ. ಚೆನ್ನಾಗಿ ಸಾಕಿದರೆ ಕೆಜಿಗೆ 1.6 ರಿಂದ 1.8 ಕೆಜಿ ಆಹಾರ ಸಾಕು. ಗಿರಿರಾಜದಂಥ ಸುಧಾರಿತ ಕೋಳಿ ಎರಡು ಕೆಜಿ ಆಗೋಕೆ ಎರಡೂವರೆ-ಮೂರು ತಿಂಗಳು ಬೇಕು. ಪೂರ್ತಿ ಕೊಂಡ ಆಹಾರವನ್ನೇ ಹಾಕಿದರೆ ಕೆಜಿಗೆ ಎರಡೂವರೆಯಿಂದ ಮೂರು ಕೆಜಿ ತಿನ್ನುತ್ತೆ. ಜವಾರಿ ಒಂದು-ಒಂದೂಕಾಲು ಕೆಜಿ ಆಗೋಕೇ ಐದಾರು ತಿಂಗಳು. ಅದನ್ನು ಕಟ್ಟಿಹಾಕಿ ಚೀಲದ ಆಹಾರ ಹಾಕಿದರೆ ಕೆಜಿಗೆ ಐದು ಕೆಜಿಗೂ ಮೀರಿ ಹೋಗಬಹುದು.

ಸುಮ್ನೆ ಲೆಕ್ಕಕ್ಕೆ ಅಂತ ಆಹಾರ ಕೆಜಿಗೆ 40 ರೂಪಾಯಿ ಇಟ್ಟುಕೊಳ್ಳೋಣ. ಒಂದು ಕೆಜಿ ಜೀವಂತ ತೂಕಕ್ಕೆ ಬರೀ ಆಹಾರದ ಖರ್ಚು ಬ್ರಾಯ್ಲರ್‌ಗೆ 68 ರೂಪಾಯಿ ಆಸುಪಾಸು, ಗಿರಿರಾಜಕ್ಕೆ 110 ರೂಪಾಯಿ ಆಸುಪಾಸು, ಜವಾರಿಗೆ 200 ರೂಪಾಯಿ. ನಿಮ್ಮ ಊರಿನ ಇವತ್ತಿನ ಆಹಾರದ ರೇಟು, ಕೋಳಿಯ ರೇಟು ಇದರೊಳಗೆ ಹಾಕಿ ನೋಡಿ. ಇದರ ಮೇಲೆ ಮರಿ, ಔಷಧಿ, ಸತ್ತ ಕೋಳಿಯ ಪಾಲು ಸೇರುತ್ತೆ.

ಜವಾರಿಯ ವಿಷಯದಲ್ಲಿ ಜನ ಎಡವೋದು ಇಲ್ಲೇ. ಹಿತ್ತಲಲ್ಲಿ ಹತ್ತು ಜವಾರಿ ಕೋಳಿ ಇದ್ದರೆ ಅವು ಹುಳ, ಉದುರಿದ ಜೋಳ, ಮುಸುರೆ ತಿಂದು ಬಹುತೇಕ ಪುಕ್ಕಟೆ ಬೆಳೆಯುತ್ತವೆ. ಅದನ್ನು ನೋಡಿ ಇನ್ನೂರು ಸಾಕಿದರೆ ಇಪ್ಪತ್ತು ಪಟ್ಟು ಲಾಭ ಅಂದುಕೊಳ್ಳೋದು ತಪ್ಪು. ಇನ್ನೂರು ಕೋಳಿಗೆ ಆಗುವಷ್ಟು ಹುಳ ಯಾವ ಹಿತ್ತಲಲ್ಲೂ ಇಲ್ಲ. ಹನ್ನೊಂದನೇ ಕೋಳಿಯಿಂದಲೋ ಮೂವತ್ತನೇ ಕೋಳಿಯಿಂದಲೋ ಚೀಲ ಬಿಚ್ಚೋದು ಶುರುವಾಗುತ್ತೆ. ಎಲ್ಲಿಂದ ಅನ್ನೋದು ನಿಮ್ಮ ಜಾಗದ ಮೇಲೆ ನಿಂತಿದೆ. ಅಲ್ಲಿಂದ ಮುಂದೆ ಜವಾರಿಯೇ ಎಲ್ಲಕ್ಕಿಂತ ದುಬಾರಿ ಕೋಳಿ.

ಕಾಳಿನ ಮಟ್ಟಿಗೆ ನಮ್ಮ ಸೀಮೆ ಪುಣ್ಯ ಮಾಡಿದೆ. ಮೆಕ್ಕೆಜೋಳ, ಸಜ್ಜೆ, ಬಿಳಿಜೋಳ ಇಲ್ಲೇ ಬೆಳೆಯುತ್ತೆ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳಿಂದ ನುಚ್ಚು, ತೌಡು ಸಿಗುತ್ತೆ. ನೆಲಕ್ಕೆ ಹಾಸೋ ಭತ್ತದ ಹೊಟ್ಟೂ ಅಲ್ಲಿಂದಲೇ. ಶೇಂಗಾ, ಸೂರ್ಯಕಾಂತಿ ಹಿಂಡಿಗೂ ಬರ ಇಲ್ಲ. ಗಿರಿರಾಜದಂಥ ಕೋಳಿಗೆ ಆರು ವಾರದ ನಂತರ ಮನೆಯಲ್ಲೇ ಮಿಶ್ರಣ ಮಾಡಬಹುದು. ನೂರು ಕೆಜಿಗೆ ಒಡೆದ ಮೆಕ್ಕೆಜೋಳ 54, ಎಣ್ಣೆ ತೆಗೆದ ಅಕ್ಕಿ ತೌಡು 20, ಸೋಯಾ ಹಿಂಡಿ 16, ಸೂರ್ಯಕಾಂತಿ ಹಿಂಡಿ 7, ಮಿನರಲ್ ಮಿಕ್ಸ್ಚರ್ ಎರಡೂವರೆ, ಉಪ್ಪು ಅರ್ಧ ಕೆಜಿ. ಇದರಲ್ಲಿ ಪ್ರೋಟೀನ್ ಶೇ 17ರ ಹತ್ತಿರ ಬರುತ್ತೆ, ಬೆಳೆಯೋ ಕೋಳಿಗೆ ಅಷ್ಟು ಸಾಕು. ಮೆಕ್ಕೆಜೋಳದ ಒಂದು ಭಾಗವನ್ನು ಸಜ್ಜೆ ಅಥವಾ ಜೋಳಕ್ಕೆ ಬದಲಾಯಿಸಬಹುದು. ಮೊದಲ ಆರು ವಾರ ಮಾತ್ರ ಕಂಪನಿ ಸ್ಟಾರ್ಟರ್ ಆಹಾರವನ್ನೇ ಹಾಕಿ, ಅಲ್ಲಿ ಉಳಿತಾಯ ಮಾಡಬೇಡಿ. ಬ್ರಾಯ್ಲರ್‌ಗೆ ಮನೆ ಮಿಶ್ರಣ ಬೇಡವೇ ಬೇಡ. ಅದರ ಬೆಳವಣಿಗೆಗೆ ಪ್ರೋಟೀನ್ ಸ್ವಲ್ಪ ಕಡಿಮೆಯಾದರೂ ದಿನ ಎಳೆಯುತ್ತೆ, ದಿನ ಎಳೆದರೆ ಲಾಭ ಹೋಯಿತು.

ಎರಡು ಎಚ್ಚರಿಕೆ. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮಳೆಯಲ್ಲಿ ನೆನೆದ ಮೆಕ್ಕೆಜೋಳ ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡಿ. ಬೂಷ್ಟಿನ ವಿಷ ಕೋಳಿಯ ಲಿವರ್ ಹಾಳು ಮಾಡುತ್ತೆ, ಹಾಕಿದ ಲಸಿಕೆಯೂ ಸರಿಯಾಗಿ ಹತ್ತೋದಿಲ್ಲ. ರಾಯಚೂರು ಕಡೆ ಹತ್ತಿಕಾಳಿನ ಹಿಂಡಿ ದಂಡಿಯಾಗಿ ಸಿಗುತ್ತೆ. ಎಮ್ಮೆ-ಎತ್ತಿಗೆ ಅದು ಸರಿ. ಅದರಲ್ಲಿರೋ ಗಾಸಿಪಾಲ್ ಅನ್ನೋ ವಿಷ ಕೋಳಿಗೆ ಆಗಿಬರೋದಿಲ್ಲ. ಇನ್ನು ನೀರಿನ ಮೇಲೆ ತೇಲಿ ಬೆಳೆಯೋ ಅಜೋಲಾ. ಹಾಕಿ, ಒಳ್ಳೆಯದೇ. ಆದರೆ ಅದರಲ್ಲಿ ಹೆಚ್ಚಿನ ಪಾಲು ನೀರು. ಮೇ ಬಿಸಿಲಿಗೆ ನೆರಳು ಪರದೆ ಇಲ್ಲದಿದ್ದರೆ ಉಳಿಯೋದೂ ಇಲ್ಲ. ಹಸಿರು ಮೇವು ಅಂತ ಕೊಡಿ, ಆಹಾರ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಕೊಳ್ಳುವವರು ಯಾರು?

ಬ್ರಾಯ್ಲರ್‌ಗೆ ರೇಟು ದಿನಕ್ಕೊಂದು. ಸಾಕುವವರ ಕೈಯಲ್ಲಿ ಏನೂ ಇಲ್ಲ. ಶ್ರಾವಣದಲ್ಲಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾಂಸ ಮಾಡೋದಿಲ್ಲ, ಆಗ ರೇಟು ಬೀಳುತ್ತೆ. ಗಿರಿರಾಜ, ವನರಾಜ ಹಾಗಲ್ಲ. ಡಾಬಾ, ಖಾನಾವಳಿಯವರು, ಸಂತೆಗೆ ಒಯ್ಯುವವರು, ಊರಿನ ಮನೆಗಳವರು ಕೊಳ್ಳುತ್ತಾರೆ. ಜವಾರಿಗೆ ಗಿರಾಕಿ ಹುಡುಕಿಕೊಂಡು ಮನೆಗೇ ಬರುತ್ತಾನೆ. ಜಾತ್ರೆಗೆ, ಯುಗಾದಿ ಮರುದಿನದ ಕರಿಗೆ, ಬೀಗರ ಊಟಕ್ಕೆ ಜವಾರಿ ಹುಂಜವೇ ಬೇಕು ಅನ್ನುವವರು ರೇಟು ಕೇಳೋದಿಲ್ಲ. ಆದರೆ ಅವರಿಗೆ ಬೇಕಿರೋದು ಒಂದೋ ಎರಡೋ ಕೋಳಿ. ಒಂದೇ ವಾರದಲ್ಲಿ ನೂರು ಜವಾರಿ ಮಾರಬೇಕಾದರೆ ನೀವೂ ದಲ್ಲಾಳಿಯ ಬಾಗಿಲಿಗೇ ಹೋಗಬೇಕು.

ಗಿರಿರಾಜವನ್ನು ಜವಾರಿ ಅಂತ ಹೇಳಿ ಮಾರಬೇಡಿ. ತಿನ್ನುವವರಿಗೆ ಎಲುಬು ಕಡಿದಾಗಲೇ ಗೊತ್ತಾಗುತ್ತೆ. ಹಳ್ಳಿಯಲ್ಲಿ ಒಮ್ಮೆ ಹೆಸರು ಕೆಟ್ಟರೆ ಮುಂದಿನ ಬ್ಯಾಚಿಗೆ ಗಿರಾಕಿ ಇರೋದಿಲ್ಲ. ಮೂರು-ಮೂರೂವರೆ ತಿಂಗಳು ಹೊರಗೆ ಓಡಾಡಿ ಬೆಳೆದ ಗಿರಿರಾಜದ ಮಾಂಸವೇ ಗಟ್ಟಿಯಾಗಿ ರುಚಿಯಾಗಿರುತ್ತೆ. ಅದರ ಹೆಸರಿನಲ್ಲೇ ಮಾರಿದರೆ ಸಾಕು.

ಈಗ ಒಂದೊಂದಾಗಿ ನೋಡೋಣ.

ಕಂಪನಿಯ ಬ್ರಾಯ್ಲರ್

ಒಪ್ಪಂದದ ಸಾಕಣೆಯಲ್ಲಿ ಮರಿ, ಆಹಾರ, ಔಷಧಿ ಕಂಪನಿಯದು. ಶೆಡ್ಡು, ನೀರು, ಕರೆಂಟ್, ಹೊಟ್ಟು, ದುಡಿಮೆ ನಿಮ್ಮದು. ಬೆಳೆದ ಕೋಳಿ ಅವರೇ ಒಯ್ಯುತ್ತಾರೆ, ಕೆಜಿಗೆ ಇಷ್ಟು ಅಂತ ಸಾಕಣೆ ಕೂಲಿ ಕೊಡುತ್ತಾರೆ. ಕಡಿಮೆ ಆಹಾರದಲ್ಲಿ ಹೆಚ್ಚು ತೂಕ ಬಂದರೆ ಕೂಲಿ ಏರುತ್ತೆ, ಸಾವು ಜಾಸ್ತಿಯಾದರೆ ಇಳಿಯುತ್ತೆ. ರೇಟು ಬಿದ್ದರೂ ನಿಮ್ಮ ಕೂಲಿಗೆ ಅಷ್ಟು ಪೆಟ್ಟು ಬೀಳೋದಿಲ್ಲ. ಇದು ದೊಡ್ಡ ನೆಮ್ಮದಿ.

ಆದರೆ ಇದು ಚಿಕ್ಕದಾಗಿ ಶುರು ಮಾಡೋ ಕೆಲಸ ಅಲ್ಲ. ಕಂಪನಿಗಳಿಗೆ ಸಾವಿರಾರು ಕೋಳಿ ಹಿಡಿಸೋ ಶೆಡ್ಡೇ ಬೇಕು. ಒಂದು ಕೋಳಿಗೆ ಒಂದು ಚದರ ಅಡಿ, ಬೇಸಿಗೆಯಲ್ಲಿ ಒಂದೂಕಾಲು ಅಡಿ. ಐದು ಸಾವಿರಕ್ಕೆ ಐದು ಸಾವಿರ ಚದರ ಅಡಿಗಿಂತ ಕಡಿಮೆ ಆಗೋದಿಲ್ಲ. ಲಾರಿ ಬರೋ ದಾರಿ ಬೇಕು. ನೀರಂತೂ ಜಾಸ್ತಿ ಬೇಕು: ಬೇಸಿಗೆಯಲ್ಲಿ ಸಾವಿರ ದೊಡ್ಡ ಕೋಳಿ ದಿನಕ್ಕೆ 400-500 ಲೀಟರ್ ಕುಡಿಯುತ್ತವೆ. ಮಂಜಿನಂತೆ ನೀರು ಚಿಮ್ಮಿಸೋ ಫಾಗರ್ ಹಾಕಿದರೆ ಅದು ಬೇರೆ. ಮೇ ತಿಂಗಳಲ್ಲಿ ನಿಮ್ಮ ಬೋರು ಎಷ್ಟು ಹೊತ್ತು ಹೊಡೆಯುತ್ತೆ ಅಂತ ನೋಡದೆ ಸಾಲ ಮಾಡಬೇಡಿ. ಕೊಪ್ಪಳ, ರಾಯಚೂರಿನ ಕೆಲವು ಊರುಗಳ ಬೋರ್ ನೀರಿನಲ್ಲಿ ಉಪ್ಪು, ಫ್ಲೋರೈಡ್ ಇದೆ. ಉಪ್ಪು ನೀರು ಕುಡಿದ ಕೋಳಿ ತೆಳ್ಳಗೆ ಹಿಕ್ಕೆ ಹಾಕುತ್ತೆ, ಹೊಟ್ಟು ಒದ್ದೆಯಾಗುತ್ತೆ, ಅಮೋನಿಯಾ ವಾಸನೆ ಏಳುತ್ತೆ. ಶೆಡ್ಡು ಕಟ್ಟೋ ಮುಂಚೆ ನೀರಿನ ಪರೀಕ್ಷೆ ಮಾಡಿಸಿ.

ಸಹಿ ಹಾಕೋ ಮುಂಚೆ ನಾಲ್ಕು ಮಾತು ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ಒಂದು ಬ್ಯಾಚ್ ಒಯ್ದ ಮೇಲೆ ಮುಂದಿನ ಮರಿ ಎಷ್ಟು ದಿನಕ್ಕೆ ಬರುತ್ತೆ? ತೂಕ ಬಂದ ಮೇಲೂ ಒಯ್ಯದೆ ತಡ ಮಾಡಿದರೆ, ಆ ದಿನಗಳಲ್ಲಿ ಸೆಕೆಗೆ ಸತ್ತ ಕೋಳಿ ಯಾರ ಲೆಕ್ಕ? ಮರಿಯೇ ಸೊರಗಿ ಬಂದಿದ್ದರೆ ಮೊದಲ ವಾರದ ಸಾವು ಯಾರದ್ದು? ಖಾಲಿ ಚೆಕ್ ಕೇಳುತ್ತಾರಾ? ಸಾಲದ ಕಂತು ಲೆಕ್ಕ ಹಾಕುವಾಗ ವರ್ಷಕ್ಕೆ ಆರು ಬ್ಯಾಚ್ ಅಂತ ಹಿಡಿಯಬೇಡಿ, ನಾಲ್ಕು ಅಂತ ಹಿಡಿಯಿರಿ. ನಾಲ್ಕರಲ್ಲಿ ಕಂತು ಕಟ್ಟೋಕೆ ಆಗುತ್ತೆ ಅಂದರೆ ಮುಂದೆ ಹೋಗಿ.

ಬ್ರಾಯ್ಲರ್‌ನಿಂದ ಹೊಲಕ್ಕೆ ಸಿಗೋ ಲಾಭ ಗೊಬ್ಬರ. ಹೊಟ್ಟು-ಹಿಕ್ಕೆ ಸೇರಿದ ಗೊಬ್ಬರ ಪ್ರತಿ ಬ್ಯಾಚಿಗೆ ಬರುತ್ತೆ, ಅದು ಪೂರ್ತಿ ನಿಮ್ಮದು. ಹಸಿಯಾಗಿ ಹಾಕಿದರೆ ಪೈರು ಸುಡುತ್ತೆ. ಗುಡ್ಡೆ ಹಾಕಿ, ನೀರು ಚಿಮುಕಿಸಿ, ಎರಡು ಮೂರು ಸಲ ತಿರುವಿ ಹಾಕಿ ಕಳಿತ ಮೇಲೆ ಹಾಕಿ. ಗೊಬ್ಬರ ಕೊಳ್ಳೋ ಖರ್ಚು ಉಳಿಯೋದನ್ನೂ ಲಾಭದ ಪಟ್ಟಿಗೆ ಸೇರಿಸಿ.

ಬ್ರಾಯ್ಲರ್ ಬಗ್ಗೆ ಇನ್ನೊಂದು ಮಾತು. ಹಾರ್ಮೋನ್ ಚುಚ್ಚಿ ಬೆಳೆಸುತ್ತಾರೆ ಅನ್ನೋದು ಸುಳ್ಳು. ಅದು ತಳಿ ಆಯ್ಕೆ ಮತ್ತು ಆಹಾರದ ಫಲ. ನಿಜವಾದ ಚಿಂತೆ ಆ್ಯಂಟಿಬಯಾಟಿಕ್‌ದು. ರೋಗ ಇಲ್ಲದಿದ್ದರೂ ಬೆಳವಣಿಗೆಗೆ ಅಂತ ಹಾಕೋ ಅಭ್ಯಾಸ ಜನರ ಆರೋಗ್ಯಕ್ಕೇ ಕುತ್ತು. ಮನುಷ್ಯರಿಗೆ ಕೊನೆಯ ಅಸ್ತ್ರದಂತಿರೋ ಕೊಲಿಸ್ಟಿನ್ ಔಷಧಿಯನ್ನು ಆಹಾರದ ಪ್ರಾಣಿಗಳಿಗೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಚೀಲದಲ್ಲಿ ಏನಿದೆ ಅಂತ ಕೇಳಿ. ಔಷಧಿ ಕೊಟ್ಟಿದ್ದರೆ ಅದರ ಪ್ಯಾಕೆಟ್ ಮೇಲೆ ಹೇಳಿದಷ್ಟು ದಿನ ಬಿಟ್ಟೇ ಮಾರಿ.

ಸ್ವಂತ ಬ್ರಾಯ್ಲರ್

ಇನ್ನೂರು-ಮುನ್ನೂರು ಬ್ರಾಯ್ಲರ್ ತಾವೇ ತಂದು ಸಾಕುವವರೂ ಇದ್ದಾರೆ. ಇದನ್ನು ನಾನು ಒಂದೇ ಸಂದರ್ಭದಲ್ಲಿ ಒಪ್ಪುತ್ತೇನೆ: ನಿಮ್ಮದೇ ಚಿಕನ್ ಅಂಗಡಿ ಇದ್ದಾಗ, ಅಥವಾ ವಾರಕ್ಕೆ ಇಷ್ಟು ಕೋಳಿ ಅಂತ ಕೊಳ್ಳೋ ಹೋಟೆಲ್ ಗಟ್ಟಿಯಾಗಿ ಗೊತ್ತಿದ್ದಾಗ. ದಲ್ಲಾಳಿಗೆ ಮಾರೋದಾದರೆ ಬೇಡ. 42ನೇ ದಿನದ ಮೇಲೆ ಪ್ರತಿ ದಿನವೂ ಕೋಳಿ ತಿನ್ನೋದು ಜಾಸ್ತಿ, ಬೆಳೆಯೋದು ಕಡಿಮೆ. ಅದು ಅವರಿಗೂ ಗೊತ್ತಿರುತ್ತೆ. ಕೊನೆಗೆ ಅವರು ಹೇಳಿದ ರೇಟಿಗೇ ಕೊಡಬೇಕಾಗುತ್ತೆ. ಸಾಕಿದರೂ ಫೆಬ್ರವರಿ ಕೊನೆಯೊಳಗೆ ಶೆಡ್ಡು ಖಾಲಿ ಆಗೋ ಹಾಗೆ ಜನವರಿ ಮಧ್ಯದೊಳಗೆ ಮರಿ ತನ್ನಿ.

ಗಿರಿರಾಜ, ಸ್ವರ್ಣಧಾರಾ, ವನರಾಜ

ನಮ್ಮ ಕಡೆಯ ಹೆಚ್ಚಿನ ಸಣ್ಣ ರೈತರಿಗೆ ಹೊಂದೋದು ಈ ಗುಂಪು ಅನ್ನೋದು ನನ್ನ ಅಭಿಪ್ರಾಯ. ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬಂದ ತಳಿ. ಸ್ವರ್ಣಧಾರಾ ಅಲ್ಲಿಯದೇ, 2005ರಲ್ಲಿ ಹೊರಬಂತು. ವನರಾಜ ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದ್ದು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಒಂದು ದಿನದ ಮರಿಗೆ ಪ್ರಯಾಣ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಅದನ್ನೂ ನೋಡಿ ತಳಿ ಆರಿಸಿ.

ಬರೀ ಮಾಂಸಕ್ಕೆ ಅಂದರೆ ಗಿರಿರಾಜ ಮುಂದು, ಮೈ ಬೇಗ ತುಂಬುತ್ತೆ. ಮೊಟ್ಟೆಯೂ ಬೇಕು ಅಂದರೆ ಸ್ವರ್ಣಧಾರಾ, ವರ್ಷಕ್ಕೆ 180ರ ಆಸುಪಾಸು ಇಡುತ್ತೆ. ಗಿರಿರಾಜಕ್ಕಿಂತ ಮೈ ಸ್ವಲ್ಪ ಹಗುರ, ಹಾಗಾಗಿ ನಾಯಿ-ಬೆಕ್ಕಿನಿಂದ ತಪ್ಪಿಸಿಕೊಳ್ಳೋಕೂ ಚುರುಕು. ವನರಾಜ ಹಿತ್ತಲಲ್ಲಿ ಮೇಯ್ದು ನಿಧಾನವಾಗಿ ಬೆಳೆಯೋಕೆ ಸರಿ. ಗ್ರಾಮಪ್ರಿಯ ಅಂತ ಇನ್ನೊಂದಿದೆ. ಅದು ಮೊಟ್ಟೆಯ ಕೋಳಿ, ಮಾಂಸಕ್ಕೆ ಅಂತ ಅದನ್ನು ತರಬೇಡಿ.

ಇವುಗಳ ಬಣ್ಣ ಜವಾರಿಯಂತೆ ಬೇರೆ ಬೇರೆ ಇರೋದರಿಂದ ಹದ್ದಿನ ಕಣ್ಣಿಗೆ ಬೀಳೋದು ಬಿಳಿ ಕೋಳಿಗಿಂತ ಕಡಿಮೆ. ರೋಗ ತಡೆಯೋ ಶಕ್ತಿಯೂ ಬ್ರಾಯ್ಲರ್‌ಗಿಂತ ಜಾಸ್ತಿ. ಮುಖ್ಯವಾಗಿ, ಮಾರಾಟ ಹದಿನೈದು ದಿನ ತಡವಾದರೆ ಪ್ರಪಂಚ ಮುಳುಗೋದಿಲ್ಲ. ಸಣ್ಣ ರೈತನಿಗೆ ಈ ಹದಿನೈದು ದಿನವೇ ಚೌಕಾಸಿಯ ಬಲ.

ಕೊರತೆ ಎರಡು. ಇವು ಕಾವು ಕೂರೋದಿಲ್ಲ. ಮಿಶ್ರತಳಿ ಆದ್ದರಿಂದ ಇವುಗಳ ಮೊಟ್ಟೆಯಿಂದ ಬಂದ ಮರಿಗಳಲ್ಲಿ ಅದೇ ಬೆಳವಣಿಗೆಯೂ ಇರೋದಿಲ್ಲ. ಹಾಗಾಗಿ ಪ್ರತಿ ಸಲ ಮರಿ ಹೊರಗಿನಿಂದಲೇ ತರಬೇಕು. ಎರಡನೆಯದು ಮೊದಲ ಮೂರು ವಾರದ ಆರೈಕೆ. ತಾಯಿ ಇಲ್ಲದ ಮರಿಗೆ ಬಲ್ಬೇ ತಾಯಿ. ಮೊದಲ ವಾರ ಬಲ್ಬಿನ ಕೆಳಗೆ ಸುಮಾರು 35 ಡಿಗ್ರಿ ಇರಲಿ, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಯನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀಂಗುಟ್ಟುತ್ತಿದ್ದರೆ ಚಳಿ. ತಗಡಿನ ಸುತ್ತು ಗೋಡೆಗೆ ಅಂಟಿ ಬಾಯಿ ತೆರೆದಿದ್ದರೆ ಸೆಕೆ. ಎಲ್ಲ ಕಡೆ ಹರಡಿ, ಕೆಲವು ತಿನ್ನುತ್ತಾ ಕೆಲವು ಮಲಗಿದ್ದರೆ ಸರಿ ಇದೆ. ರಾತ್ರಿ ಕರೆಂಟ್ ಹೋದರೆ ಏನು ಅನ್ನೋದಕ್ಕೆ ಮೊದಲೇ ವ್ಯವಸ್ಥೆ ಇರಬೇಕು, ಮಡಕೆಯಲ್ಲಿ ಇದ್ದಿಲ ಕೆಂಡವಾದರೂ ಸರಿ. ಕೆಂಡ ಇಟ್ಟರೆ ಹೊಗೆ ಹೋಗೋಕೆ ದಾರಿ ಬಿಡಿ, ಮರಿ ಮುಟ್ಟದ ಹಾಗೆ ಜಾಳಿಗೆ ಮುಚ್ಚಿ.

ಆರು ವಾರ ಆದ ಮೇಲೆ ಹೊರಗೆ ಬಿಡಬಹುದು. ನುಗ್ಗೆ, ಮಾವು, ಪೇರಲ ತೋಟದ ನೆರಳು ಇದಕ್ಕೆ ಹೇಳಿ ಮಾಡಿಸಿದ್ದು. ಹುಲ್ಲು ಕೀಳುತ್ತವೆ, ಹುಳ ತಿನ್ನುತ್ತವೆ, ಗೊಬ್ಬರ ಅಲ್ಲೇ ಬೀಳುತ್ತೆ. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟದೊಳಗೆ ಬಿಡೋ ಮುಂಚೆ ಯೋಚಿಸಿ. ದಾಳಿಂಬೆಗೆ ಔಷಧಿ ಹೊಡೆಯೋದು ಜಾಸ್ತಿ. ಹತ್ತಿ, ಮೆಣಸಿನಕಾಯಿ ಹೊಲಕ್ಕೂ ಇದೇ ಮಾತು. ಸತ್ತ ಹುಳ ತಿಂದ ಕೋಳಿಗೂ, ಆ ಕೋಳಿ ತಿಂದ ಜನಕ್ಕೂ ಒಳ್ಳೆಯದಲ್ಲ. ಅಂಥ ಕಡೆ ಬೇಲಿ ಹಾಕಿ ಬೇರೆ ಜಾಗ ಬಿಡಿ. ರಾತ್ರಿ ಒಳಗೆ ಕೂಡೋಕೆ ಒಂದು ಕೋಳಿಗೆ ಒಂದೂವರೆ-ಎರಡು ಚದರ ಅಡಿ ಲೆಕ್ಕ. ಜಾಳಿಗೆಯ ಬುಡವನ್ನು ಒಂದಡಿ ಮಣ್ಣಿನೊಳಗೆ ಹೂಳಿ, ಇಲ್ಲದಿದ್ದರೆ ಮುಂಗುಸಿ ಒಂದೇ ರಾತ್ರಿಯಲ್ಲಿ ಹತ್ತಾರು ಕೋಳಿ ಮುಗಿಸುತ್ತೆ.

ಜವಾರಿ, ಮತ್ತು ಕಡಕ್‌ನಾಥ್

ಜವಾರಿಗೆ ಬಂಡವಾಳವೇ ಬೇಡ. ನಾಲ್ಕು ಹೆಣ್ಣು ಕೋಳಿ, ಒಂದು ಹುಂಜ, ಒಂದು ಬುಟ್ಟಿ. ಹನ್ನೆರಡು-ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ, 21 ದಿನಕ್ಕೆ ಮರಿ ಮಾಡುತ್ತೆ, ತಾನೇ ಸಾಕುತ್ತೆ. ಮನೆಯ ಹೆಣ್ಣುಮಕ್ಕಳ ಕೈಗೆ ನೇರ ದುಡ್ಡು ಬರೋ ಸಾಕಣೆ ಇದು. ಜಮೀನು ಇಲ್ಲದವರಿಗೂ ಆಗುತ್ತೆ.

ಇದರ ನಷ್ಟವೆಲ್ಲ ಮೊದಲ ಎರಡು ತಿಂಗಳಲ್ಲಿ. ಹತ್ತು ಮರಿಯಲ್ಲಿ ಹದ್ದು, ಬೆಕ್ಕು, ಕೊಕ್ಕರೆ ರೋಗಕ್ಕೆ (ರಾಣಿಖೇತ್) ಹೋಗಿ ದೊಡ್ಡದಾಗೋದು ನಾಲ್ಕೋ ಐದೋ. ಅದನ್ನು ಏಳೆಂಟಕ್ಕೆ ಏರಿಸಿದರೆ ಒಂದು ಕೋಳಿಯನ್ನೂ ಕೊಳ್ಳದೆ ಆದಾಯ ಹೆಚ್ಚಾಗುತ್ತೆ. ಅದಕ್ಕೆ ಬೇಕಿರೋದು ಮರಿಗಳನ್ನು ಆರು ವಾರ ಹಗಲು ಜಾಳಿಗೆಯ ಕೆಳಗೆ ಇಡೋದು, ಲಸಿಕೆ ಹಾಕಿಸೋದು, ಸ್ವಲ್ಪ ಪ್ರೋಟೀನ್. ಹಳೆಯ ಉಪಾಯ ಒಂದಿದೆ. ಒಡೆದ ಮಡಕೆಯಲ್ಲಿ ಒದ್ದೆ ತಟ್ಟು, ಸಗಣಿ, ಸೊಪ್ಪೆಯ ಚೂರು ತುಂಬಿ ಸಂಜೆ ಗೆದ್ದಲು ಇರೋ ಕಡೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ಗೆದ್ದಲು ತುಂಬಿರುತ್ತೆ. ಮರಿಗಳ ಮುಂದೆ ಕೊಡವಿ. ಅದಕ್ಕಿಂತ ಒಳ್ಳೆಯ ಸ್ಟಾರ್ಟರ್ ಆಹಾರ ಅಂಗಡಿಯಲ್ಲಿ ಇಲ್ಲ.

ಜವಾರಿ ಸಾಕಿ. ಆದರೆ ನಿಮ್ಮ ಜಾಗ ಪುಕ್ಕಟೆ ಮೇಯಿಸುವಷ್ಟು ಮಾತ್ರ ಸಾಕಿ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ ಕಪ್ಪು ಕೋಳಿ, 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಿಸಿಲು ತಡೆಯುತ್ತೆ. ಆದರೆ ಜವಾರಿಯಷ್ಟೇ ನಿಧಾನ ಬೆಳವಣಿಗೆ, ಮರಿ ದುಬಾರಿ, ನಮ್ಮ ಸಂತೆಗಳಲ್ಲಿ ಗಿರಾಕಿ ಕಡಿಮೆ. ಮರಿ ಮಾರುವವರು ಕೋಳಿ ವಾಪಸ್ ಕೊಳ್ಳುತ್ತೇವೆ ಅಂತ ಹೇಳಿದರೆ ಆ ಮಾತಿನ ಮೇಲೆ ದುಡ್ಡು ಹಾಕಬೇಡಿ. ಮೊದಲು ಗಿರಾಕಿ, ಆಮೇಲೆ ಕಡಕ್‌ನಾಥ್.

ರೋಗ, ಲಸಿಕೆ

ಇದರಲ್ಲಿ ತಳಿ-ತಳಿಗೆ ವ್ಯತ್ಯಾಸ ಕಡಿಮೆ. ಕೊಕ್ಕರೆ ರೋಗ ಬಂದರೆ ಜವಾರಿಯನ್ನೂ ಬಿಡೋದಿಲ್ಲ. ಐದರಿಂದ ಏಳನೇ ದಿನಕ್ಕೆ ಕೊಕ್ಕರೆ ರೋಗದ ಲಸೋಟಾ ಲಸಿಕೆ ಕಣ್ಣು-ಮೂಗಿಗೆ ಹನಿ, 14ನೇ ದಿನಕ್ಕೆ ಗಂಬೋರೊ ರೋಗದ ಲಸಿಕೆ, 28ನೇ ದಿನಕ್ಕೆ ಮತ್ತೆ ಲಸೋಟಾ. ಹೆಚ್ಚು ದಿನ ಇರೋ ಗಿರಿರಾಜ, ಜವಾರಿಗೆ ಆರನೇ ವಾರ ಸಿಡುಬಿನ ಲಸಿಕೆ, ಎಂಟನೇ ವಾರ ಕೊಕ್ಕರೆ ರೋಗಕ್ಕೇ ಆರ್‌2ಬಿ ಚುಚ್ಚುಮದ್ದು. ಬಾಟಲಿ ನೂರಾರು ಡೋಸಿನದ್ದು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯವರು ಓಣಿಯ ಎಲ್ಲರನ್ನೂ ಸೇರಿಸಿ ಒಂದೇ ದಿನ ಹಾಕಿಸಿ. ಐಸ್ ಇಲ್ಲದೆ ಬಿಸಿಲಲ್ಲಿ ತಂದ ಲಸಿಕೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಬ್ರಾಯ್ಲರ್ ಶೆಡ್ಡು ಇದ್ದವರು ಅದೇ ಅಂಗಳದಲ್ಲಿ ಜವಾರಿ ಸಾಕಬಾರದು.

ಯಾರಿಗೆ ಯಾವುದು?

ಹಿತ್ತಲು ಮಾತ್ರ ಇದೆ, ದುಡ್ಡು ಹಾಕೋಕೆ ಆಗೋದಿಲ್ಲ ಅನ್ನುವವರಿಗೆ ಜವಾರಿ. ಇರೋದನ್ನು ಉಳಿಸಿಕೊಳ್ಳೋದರ ಮೇಲೆ ಗಮನ ಇರಲಿ. ಜೊತೆಗೆ ಆರು ವಾರ ಸಾಕಿದ ಗಿರಿರಾಜ ಅಥವಾ ವನರಾಜ ಮರಿ ಹತ್ತು ತಂದುಕೊಂಡರೆ ಬಲ್ಬಿನ ತಾಪತ್ರಯ ಇರೋದಿಲ್ಲ.

ಎರಡು-ಮೂರು ಎಕರೆ, ಸ್ವಂತ ಮೆಕ್ಕೆಜೋಳ ಅಥವಾ ಸಜ್ಜೆ, ಒಂದಿಷ್ಟು ನೆರಳು ಇರುವವರಿಗೆ ಗಿರಿರಾಜ. ನೂರರಿಂದ ಶುರು ಮಾಡಿ. ಎರಡು ಬ್ಯಾಚ್ ಚೆನ್ನಾಗಿ ಮಾರಿದ ಮೇಲೆ ಇನ್ನೂರು. ಕಾಳು, ಹಿಂಡಿ ಪೂರ್ತಿ ಕೊಳ್ಳಬೇಕು, ನೆರಳೂ ಇಲ್ಲ ಅಂದರೆ ಗಿರಿರಾಜದಲ್ಲೂ ಉಳಿಯೋದು ಕಷ್ಟ. ಮೊದಲು ನುಗ್ಗೆ ನೆಡಿ.

ಕಾಲುವೆ ಅಥವಾ ನಂಬಬಹುದಾದ ಸಿಹಿ ನೀರು, ಸರಿಯಾದ ಕರೆಂಟ್, ಹಗಲು-ರಾತ್ರಿ ಶೆಡ್ಡಿನ ಹತ್ತಿರವೇ ಇರೋ ಒಬ್ಬರು, ಸಾಲ ತಡೆಯೋ ಶಕ್ತಿ ಇದ್ದವರಿಗೆ ಕಂಪನಿಯ ಬ್ರಾಯ್ಲರ್. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಕೈ ಹಾಕಬೇಡಿ. ಬ್ರಾಯ್ಲರ್ ಶೆಡ್ಡಿಗೆ ಸಬ್ಸಿಡಿ ಸಿಗುತ್ತೆ ಅಂತ ನಂಬಿಕೊಂಡು ಹೋಗುವವರಿಗೂ ಒಂದು ಮಾತು. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಶೇ 50ರಂತೆ 25 ಲಕ್ಷದವರೆಗೆ ಕೊಡೋದು ಹಳ್ಳಿ ಕೋಳಿಯ ತಾಯಿ ಫಾರಂ ಮತ್ತು ಮರಿ ಮಾಡೋ ಘಟಕಕ್ಕೆ, ಬ್ರಾಯ್ಲರ್ ಶೆಡ್ಡಿಗೆ ಅಲ್ಲ.

ಗಿರಿರಾಜ ಅಂತ ತೀರ್ಮಾನಿಸಿದವರು ತಿಂಗಳ ಲೆಕ್ಕವನ್ನು ಹೀಗೆ ಇಟ್ಟುಕೊಳ್ಳಿ. ಜೂನ್ ಮಧ್ಯದಲ್ಲಿ, ಒಂದೆರಡು ಮಳೆ ಬಿದ್ದು ನೆಲ ತಣಿದ ಮೇಲೆ ಮರಿ ತನ್ನಿ. ಶ್ರಾವಣದಲ್ಲಿ ಮಾರಾಟ ಬಿದ್ದಾಗ ನಿಮ್ಮ ಕೋಳಿ ಇನ್ನೂ ಬೆಳೆಯುತ್ತಿರುತ್ತೆ. ದಸರಾ ಮುಗಿದು ಗಿರಾಕಿ ಬರೋ ಹೊತ್ತಿಗೆ ತೂಕ ಬಂದಿರುತ್ತೆ. ಎರಡನೇ ಬ್ಯಾಚು ನವೆಂಬರ್ ಕೊನೆಗೆ ತಂದರೆ ಫೆಬ್ರವರಿ-ಮಾರ್ಚ್ ಜಾತ್ರೆಗಳಿಗೆ, ಯುಗಾದಿಯ ಕರಿಗೆ ಸಿದ್ಧ. ಏಪ್ರಿಲ್-ಮೇ ಶೆಡ್ಡು ಖಾಲಿ ಬಿಡಿ, ಸುಣ್ಣ ಹೊಡೆಯಿರಿ, ಗೊಬ್ಬರ ಹೊಲಕ್ಕೆ ಸಾಗಿಸಿ. ಜೂನ್‌ನಲ್ಲಿ ಎಲ್ಲರೂ ಮರಿ ಕೇಳುತ್ತಾರೆ, ಆಗ ಹೋದರೆ ಸಿಗೋದಿಲ್ಲ. ಗಂಗಾವತಿ, ರಾಯಚೂರು ಅಥವಾ ಬಳ್ಳಾರಿಯ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲವೇ ತಾಲೂಕು ಪಶು ಆಸ್ಪತ್ರೆಯಲ್ಲಿ ಮರಿ ಎಲ್ಲಿಂದ ಬರುತ್ತೆ ಅಂತ ವಿಚಾರಿಸಿ ಏಪ್ರಿಲ್‌ನಲ್ಲೇ ಹೆಸರು ಬರೆಸಿ. ಮರಿ ಬರೋ ದಿನ ರಾತ್ರಿ ಪ್ರಯಾಣವೇ ಇರಲಿ. ಬಂದ ತಕ್ಷಣ ಕಾಳು ಬೇಡ, ಮೊದಲು ಒಂದೊಂದರ ಕೊಕ್ಕು ಅದ್ದಿ ಬೆಲ್ಲದ ನೀರು ಕುಡಿಸಿ.